ಕರೆಂಟ್ ಹೋದಾಗಿನ ಮಾತು

ಇಚಲಕರಂಜಿಯ ನಮ್ಮ ಮನೆಯಲ್ಲಿ ಕೆಳಗೆ ಎಂಟು ಮಗ್ಗ, ಮೇಲೆ ನಾವು. ಕರೆಂಟಿನ ಮಗ್ಗಗಳು. ಎಂಟೂ ಒಟ್ಟಿಗೆ ಓಡುವಾಗ ಮೇಲಿನ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಲೋಟಗಳು ತಾವಾಗಿಯೇ ಸರಿಯುತ್ತ ಹೋಗಿ ಗೋಡೆಗೆ ತಾಗಿ ನಿಲ್ಲುತ್ತವೆ. ಮದುವೆಯಾಗಿ ಬಂದ ಮೊದಲ ವಾರ ಈ ಸದ್ದಿಗೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಅಂದುಕೊಂಡಿದ್ದೆ. ಎರಡು ತಿಂಗಳು ಕಳೆಯುವುದರೊಳಗೆ ಇಡೀ ಊರಿನಲ್ಲಿ ನನಗೆ ಅದಕ್ಕಿಂತ ಹತ್ತಿರದ ಗೆಳತಿ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಇದೇ ಮರಾಠಿ ಸೀಮೆಯ ಗಡಹಿಂಗ್ಲಜದಲ್ಲಿ, ಅಪ್ಪನ ಮೆಣಸಿನಕಾಯಿ ಅಂಗಡಿಯ ಹಿಂದಿನ ಮನೆಯಲ್ಲಿ. ಅಲ್ಲಿ ನನ್ನ ಬಾಯಿ ಊರಿಗೇ ಗೊತ್ತಿತ್ತು. ಫುಟ್‌ಬಾಲ್ ಮ್ಯಾಚ್ ಇದ್ದರೆ ಮೈದಾನದ ಗೋಡೆಯ ಮೇಲೆ ಕೂತು ರೆಫರಿಗೆ ಮರಾಠಿಯಲ್ಲಿ ಬುದ್ಧಿ ಹೇಳುತ್ತಿದ್ದೆ, ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಅವ್ವನಿಗೆ ಹೇಳುತ್ತಿದ್ದೆ. ಆ ಬಾಯಿ ಇಚಲಕರಂಜಿಗೆ ಬರುವ ಬಸ್ಸಿನಲ್ಲೇ ಎಲ್ಲೋ ಉಳಿದುಹೋಯಿತು. ಸುಮ್ಮನಿರು ಎಂದು ಯಾರೂ ನನಗೆ ಹೇಳಲಿಲ್ಲ. ಅತ್ತೆಯ ಮುಖ ನೋಡಿದೆ, ಸುಮ್ಮನಾದೆ.

ಅತ್ತೆ ಎತ್ತರದ ಹೆಂಗಸು. ಮಾವನವರು ತೀರಿಕೊಂಡ ಮೇಲೆ ಶೆಡ್ಡನ್ನು ನಡೆಸುತ್ತಿದ್ದವರು ಅವರೇ. ಹಣೆಗೆ ಮೂರೆಳೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮಾತಾಡುವ ಮುಂಚೆ ಎರಡು ಸಣ್ಣ ಕೆಮ್ಮು, ಮಾತು ಮುಗಿದ ಮೇಲೆ ಒಂದು ‘ಏನಂತಿ’. ಆ ಕೆಮ್ಮು ಕೇಳಿದ ಕೂಡಲೇ ನಾನು ಹೇಳಬೇಕೆಂದಿದ್ದ ಮಾತೆಲ್ಲ ಗಂಟಲಿನಿಂದ ಹೊಟ್ಟೆಗೆ ಇಳಿಯುತ್ತಿತ್ತು. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ಬೈದಿದ್ದರೆ ನಾನೂ ಒಂದು ಮಾತು ತಿರುಗಿಸಿ ಆಡುತ್ತಿದ್ದೆನೋ ಏನೋ, ಆ ಅವಕಾಶವನ್ನೂ ಅವರು ಕೊಡಲಿಲ್ಲ.

ಹಾಗಾಗಿ ನಾನು ಮಾತಾಡುತ್ತಿದ್ದದ್ದು ಕೆಳಗೆ, ಶೆಡ್ಡಿನಲ್ಲಿ. ಲಾಳಿಯೊಳಗೆ ಕೂರಿಸಲು ಕಂಡಿಕೆಗೆ ನೂಲು ಸುತ್ತುವ ಕೆಲಸ ನನ್ನದು. ನನ್ನ ಪಕ್ಕದಲ್ಲಿ ಅದೇ ಕೆಲಸಕ್ಕೆ ದತ್ತವಾಡದಿಂದ ದಿನಾ ಬಸ್ಸಿಗೆ ಬರುವ ಒಬ್ಬಾಕೆ, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಮಗ್ಗ ಕೆಟ್ಟರೆ ರಿಪೇರಿ ಮಾಡುವವನಿಗೆ ನಮ್ಮ ಕಡೆ ಜಾಬರ್ ಅನ್ನುತ್ತಾರೆ; ಆ ಕೆಲಸಕ್ಕೆ ಜಯಸಿಂಗಪುರದಿಂದ ಬರುವ ಒಬ್ಬ ಮಾಮಾ ಇದ್ದರು. ನನ್ನ ಗಂಡ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ, ಅತ್ತೆ ನಾಲ್ಕು. ಎಲ್ಲ ಸೇರಿ ಐದು ಜನ. ಮಗ್ಗ ಓಡುವಾಗ ಮೊಳದ ಅಂತರದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕೆಲಸಕ್ಕೆ ಬೇಕಾದದ್ದೆಲ್ಲ ಕೈಸನ್ನೆಯಲ್ಲಿ ನಡೆಯುತ್ತದೆ. ಬಾಯಿಗೆ ಕೆಲಸವಿಲ್ಲ. ಕೆಲಸವಿಲ್ಲದ ಬಾಯಿ ಏನು ಮಾಡುತ್ತದೆ? ಐವರಲ್ಲಿ ನಾಲ್ವರು ಮುಂಜಾನೆಯಿಂದ ಸಂಜೆಯವರೆಗೆ ಗಂಟಲು ಬಿಚ್ಚಿ ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತಿದ್ದೆವು. ಅತ್ತೆಯದು ಮಾತ್ರ ಮುಚ್ಚಿದ ಬಾಯಿ.

ಎಲ್ಲರ ಗುಟ್ಟು ಹೊರಬೀಳುತ್ತಿದ್ದದ್ದು ಕರೆಂಟ್ ಹೋದಾಗ. ಕರೆಂಟ್ ಹೋದರೆ ಮಗ್ಗಗಳು ತಟ್ಟನೆ ನಿಲ್ಲುವುದಿಲ್ಲ. ಇನ್ನೆರಡು ಮೂರು ಹೊಡೆತ ಹೊಡೆದು, ಉಸಿರು ಬಿಟ್ಟ ಹಾಗೆ ನಿಲ್ಲುತ್ತವೆ. ಎಚ್ಚರವಿದ್ದವರು ಅಷ್ಟರಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಾತಿನಲ್ಲಿ ಮುಳುಗಿ ಹೋದವರು ಸಿಕ್ಕಿಬೀಳುತ್ತಾರೆ. ಆ ಹಠಾತ್ ಮೌನದಲ್ಲಿ ಒಂದು ವಾಕ್ಯ, ಕೆಲವೊಮ್ಮೆ ಒಂದೂವರೆ ವಾಕ್ಯ, ಇಡೀ ಶೆಡ್ಡಿಗೆ ಕೇಳುವ ಹಾಗೆ ಹೊರಗೆ ಬಂದು ನಿಲ್ಲುತ್ತದೆ.

ದತ್ತವಾಡದ ಕಾಕು ಬಸ್ಸಿನ ಕಂಡಕ್ಟರನಿಗೆ ‘ಗಾಡಿ ಘರಚೀ ಹಾಯ್ ಕಾಯ್ ತುಝ್ಯಾ’ ಎಂದು ಕೇಳುತ್ತಿರುವಾಗ ಸಿಕ್ಕಿಬಿದ್ದಿದ್ದಳು. ಬಸ್ಸು ನಿನ್ನ ಮನೆಯದೇನು ಎಂದು ಗದರಿಸುವ ಅದೇ ಕಾಕು ನಿಜವಾದ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೇಳಲೂ ನಾಚುವ ಹೆಂಗಸು. ಜಾಬರ್ ಮಾಮಾ ಒಮ್ಮೆ ಭಾಷಣದ ಮಧ್ಯೆ ಸಿಕ್ಕರು, ಬಂಧು ಭಗಿನಿಯರೇ ಎಂದು ಶುರುವಾಗಿ ಹಾರ ಹಾಕಿದ್ದಕ್ಕೆ ಧನ್ಯವಾದ ಹೇಳುವಲ್ಲಿಗೆ ಬಂದಿತ್ತು. ನನ್ನ ಗಂಡನದಂತೂ ಹೇಳಬಾರದು. ಮೂವತ್ತು ದಾಟಿದ, ಮೀಸೆಯುಳ್ಳ ಮನುಷ್ಯ, ತಾನೇ ಆಡುವ ಕ್ರಿಕೆಟ್ಟಿಗೆ ತಾನೇ ಕಾಮೆಂಟ್ರಿ ಹೇಳಿಕೊಳ್ಳುತ್ತಿದ್ದ. ಕೊನೆಯ ಬಾಲು, ಆರು ರನ್ನು ಬೇಕು, ಇಚಲಕರಂಜಿಯ ಹುಲಿ ಬ್ಯಾಟ್ ಎತ್ತಿದ್ದಾನೆ ಎನ್ನುವಲ್ಲಿಗೆ ಸರಿಯಾಗಿ ಕರೆಂಟ್ ಹೋಯಿತು. ನಾನು ಕಂಡಿಕೆಯ ಬುಟ್ಟಿಯಲ್ಲಿ ಮುಖ ಹುದುಗಿಸಿ ಕೂತೆ.

ಯಾಕೆಂದರೆ ನಗುವಂತಿರಲಿಲ್ಲ. ಶೆಡ್ಡಿಗೊಂದು ನಿಯಮವಿತ್ತು, ಅತ್ತೆಯೇ ಹಾಕಿದ್ದು. ಹಿಂದೊಮ್ಮೆ ಇಬ್ಬರು ನೇಕಾರರು ಹೀಗೆ ಕಿವಿಗೆ ಬಿದ್ದ ಮಾತಿಗೆ ಒಬ್ಬರ ಕಾಲರ್ ಒಬ್ಬರು ಹಿಡಿದು, ನೆಯ್ದ ಬಟ್ಟೆಯ ಮೇಲೆಯೇ ಹೊರಳಾಡಿದ್ದರಂತೆ. ಅಂದಿನಿಂದ ‘ಕರೆಂಟ್ ಹೋದಾಗಿನ ಮಾತು ಯಾರದೂ ಅಲ್ಲ’ ಎಂದು ಅತ್ತೆ ಹೇಳಿಬಿಟ್ಟರು. ಯಾರೂ ಅದನ್ನು ಆಡಿಲ್ಲ, ಯಾರೂ ಕೇಳಿಲ್ಲ. ಎಲ್ಲರೂ ತಲೆ ಬಗ್ಗಿಸಿ ಹರಿದ ಎಳೆ ಹುಡುಕಬೇಕು. ನಗು ತಡೆಯಲಾರದವರು ಹಿತ್ತಲಿಗೆ ಹೋಗಿ ನಕ್ಕು ಬರಬೇಕು. ನನಗೆ ಆ ಹಿತ್ತಲು ಚೆನ್ನಾಗಿ ಪರಿಚಯವಾಯಿತು.

ಇನ್ನು ನನ್ನ ಮಾತು. ನಾನು ಗಡಹಿಂಗ್ಲಜದಲ್ಲಿ ಮನಃಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿದ್ದೆ. ಮನುಷ್ಯ ತನ್ನನ್ನು ತಾನು ಬೇರೆಯವರ ಕಣ್ಣಿನಿಂದ ನೋಡಿಕೊಳ್ಳುತ್ತಾನೆ, ಅವರು ತನ್ನನ್ನು ಹೇಗೆ ಕಂಡಾರು ಎಂಬ ಊಹೆಯಿಂದಲೇ ತಾನು ಯಾರೆಂದು ತಿಳಿಯುತ್ತಾನೆ ಎಂದು ಒಂದು ಅಧ್ಯಾಯದಲ್ಲಿತ್ತು. ಮರಾಠಿಯಲ್ಲಿ ಬಾಯಿಪಾಠ ಮಾಡಿ ಒಳ್ಳೆಯ ಮಾರ್ಕು ತೆಗೆದಿದ್ದೆ. ಅರ್ಥವಾಗಿತ್ತು ಎಂದು ಹೇಳಲಾರೆ. ಕೊಲ್ಹಾಪುರಕ್ಕೆ ಹೋಗಿ ಎಂ.ಎ. ಓದಬೇಕೆಂಬ ಆಸೆ ಮಾತ್ರ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮದುವೆಯ ಮಾತುಕತೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮದುವೆಯಾದ ಮೇಲೆ ಗಂಡನಿಗೆ ಹೇಳಿದೆ. ಅವನು ಬಹಳ ಸಂತೋಷಪಟ್ಟು, ಅವ್ವನನ್ನು ನೀನೇ ಕೇಳು ಎಂದ. ಇಚಲಕರಂಜಿಯ ಹುಲಿ ಅಷ್ಟೇ ಮಾಡಿದ್ದು.

ಅರ್ಜಿ ಹಾಕಲು ಇನ್ನು ಮೂರು ವಾರವಿತ್ತು. ಕೇಳುವುದಾದರೆ ಈಗ ಕೇಳಬೇಕು. ಕೇಳುವುದಕ್ಕೆ ತಾಲೀಮು ಬೇಕು. ಮಗ್ಗದ ಸದ್ದಿನ ಒಳಗೆ ಕೂತು ನಾನು ನಾಟಕ ಶುರು ಮಾಡಿದೆ. ನನ್ನ ಪಾರ್ಟೂ ನನ್ನದೇ, ಅತ್ತೆಯ ಪಾರ್ಟೂ ನನ್ನದೇ. ಮೊದಲ ದಿನ ಸೊಸೆಗೆ ಒಳ್ಳೊಳ್ಳೆಯ ಮಾತು ಕೊಟ್ಟೆ. ಎರಡನೆಯ ದಿನದಿಂದ ಅತ್ತೆಯ ಪಾರ್ಟಿನ ರುಚಿ ಹತ್ತಿತು. ಕೆಮ್ಮು ಸರಿಯಾಗಿ ಬಂತು, ‘ಏನಂತಿ’ ಇನ್ನೂ ಸರಿಯಾಗಿ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ಮಾಡಿದ ಅತ್ತೆ ಸೊಸೆಯನ್ನು ಎಂಥ ಚಂದ ಬೈಯುತ್ತಿದ್ದಳೆಂದರೆ, ಬೈಸಿಕೊಳ್ಳುತ್ತಿರುವವಳು ನಾನೇ ಎಂಬುದು ಮರೆತು ಖುಷಿಪಡುತ್ತಿದ್ದೆ. ವಿಚಿತ್ರವೆಂದರೆ, ನಾನೇ ಬರೆದ ನಾಟಕದಲ್ಲಿ ನಾನೇ ದಿನಾ ಸೋಲುತ್ತಿದ್ದೆ.

ಆ ದಿನ ಊಟದ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿತ್ತು. ನಾನು ಅತ್ತೆಯ ಪಾರ್ಟಿನಲ್ಲಿದ್ದೆ. ಮಾತಿಗೆ ಕಾವೇರಿತ್ತು. ಕಣ್ಣು ಮುಚ್ಚಿ, ಬಲಗೈ ಬೆರಳು ಎತ್ತಿ, ಆ ಎರಡು ಕೆಮ್ಮು ಕೆಮ್ಮಿ ಶುರು ಮಾಡಿದೆ. ಮಗ್ಗ ಯಾವಾಗ ನಿಂತವೋ ಗೊತ್ತಾಗಲಿಲ್ಲ.

“ಕೊಲ್ಹಾಪುರಕ್ಕ ಹೋಗಿ ಮಂದಿ ತಲಿಯೊಳಗ ಏನೈತಿ ನೋಡಾಕೇನ? ಮೊದ್ಲ ನಿನ್ನ ತಲಿಯೊಳಗ ಏನರ ಐತೇನ ನೋಡ್ಕೊ. ನಾ ಜೀವಂತ ಇರೂಮಟಾ ಈ ಹೊಸ್ತಲಾ ದಾಟಸೂದಿಲ್ಲ ನಿನ್ನ. ಏನಂತಿ?”

ಕಣ್ಣು ತೆರೆದೆ. ಶೆಡ್ಡು ನಿಶ್ಶಬ್ದ. ದತ್ತವಾಡದ ಕಾಕು ನನ್ನನ್ನು ನೋಡುತ್ತಿದ್ದವಳು ಚಟ್ಟನೆ ಕೆಳಗೆ ಬಗ್ಗಿ ಇಲ್ಲದ ಎಳೆಯನ್ನು ಹುಡುಕತೊಡಗಿದಳು. ಜಾಬರ್ ಮಾಮಾ ಒಂದು ಮಗ್ಗದ ಹೊಟ್ಟೆಯೊಳಗೆ ತಲೆ ತೂರಿಸಿದರು. ನನ್ನ ಗಂಡ ಸೀದಾ ಹಿತ್ತಲಿಗೆ ನಡೆದ. ಅತ್ತೆ ಮೂರನೆಯ ಮಗ್ಗದ ಹತ್ತಿರ ನಿಂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ. ಹರಿದ ಎಳೆಯೊಂದನ್ನು ನಾಲಿಗೆಗೆ ತಾಗಿಸಿ ಗಂಟು ಹಾಕಿದರು. ಆಮೇಲೆ, ಮೇಲೆ ಹೋಗಿ ಚಹಾ ಇಡು ಎಂದರು. ಕೆಮ್ಮಲಿಲ್ಲ.

ಮೆಟ್ಟಿಲು ಹತ್ತುತ್ತ ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಚಹಾ ಕುದಿಯುವಾಗ ಇನ್ನೊಂದು ವಿಷಯ ಹೊಳೆಯಿತು. ನನಗೆ ಬೇಕಾದದ್ದು ಏನೆಂದು ಈಗ ಅತ್ತೆಗೆ ಗೊತ್ತು. ಆದರೆ ನಿಯಮದ ಪ್ರಕಾರ ಗೊತ್ತಿಲ್ಲ. ಆಡಿದ ಮಾತು ಯಾರದೂ ಅಲ್ಲದಿದ್ದರೆ ಬೈಗುಳವೂ ಬರುವಂತಿಲ್ಲ, ಉತ್ತರವೂ ಬರುವಂತಿಲ್ಲ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ. ಅತ್ತೆ ಆ ಚಹಾವನ್ನೂ ಏನೂ ಹೇಳದೆ ಕುಡಿದರು.

ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ತಲೆ ಗಿರ್ರೆನ್ನುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವಂತಿಲ್ಲ. ಜಾಬರ್ ಮಾಮಾ ಮಗ್ಗಕ್ಕೆ ಎಣ್ಣೆ ಬಿಡುತ್ತ, ಮಗ್ಗಕ್ಕೇ ಹೇಳುವ ಹಾಗೆ, ಮುಂಜಾನೆ ಕೊಲ್ಹಾಪುರದ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ವಿವರಿಸಿದರು. ಕಾಕು ತನ್ನ ತಂಗಿಯ ನಾದಿನಿಯ ಕಥೆ ತೆಗೆದಳು, ಅವಳು ಮದುವೆಯಾದ ಮೇಲೆ ನರ್ಸ್ ಕೋರ್ಸ್ ಮಾಡಿದಳಂತೆ, ಅವಳ ಅತ್ತೆಯೇ ಡಬ್ಬಿ ಕಟ್ಟಿ ಕಳಿಸುತ್ತಿದ್ದಳಂತೆ. ಆ ನಾದಿನಿಯ ಸುದ್ದಿಯನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನನ್ನ ಗಂಡ ದಿನಕ್ಕೆ ಮೂರು ಸಲ ಹಿತ್ತಲಿಗೆ ಹೋಗಿ ಬರುತ್ತಿದ್ದ.

ಅತ್ತೆ ಎಂದಿನ ಹಾಗೆಯೇ ಇದ್ದರು. ನನ್ನ ತಟ್ಟೆಗೆ ರೊಟ್ಟಿ ಹಾಕುವುದು, ಎಳೆ ಕಟ್ಟುವುದು, ಸಂಜೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂಡುವುದು, ಯಾವುದರಲ್ಲೂ ಬದಲಿಲ್ಲ. ಒಂದೇ ಒಂದು ಬದಲು ನಾಲ್ಕನೆಯ ದಿನ ನನ್ನ ಕಣ್ಣಿಗೆ ಬಿತ್ತು. ಮಗ್ಗ ಓಡುವಾಗ ಅತ್ತೆಯ ತುಟಿ ಅಲ್ಲಾಡುತ್ತಿತ್ತು.

ಇದು ಸಣ್ಣ ಸಂಗತಿಯಲ್ಲ. ಆ ಶೆಡ್ಡಿನಲ್ಲಿ ಬಾಯಿ ಮುಚ್ಚಿ ಕೆಲಸ ಮಾಡುವ ಒಬ್ಬರೇ ಒಬ್ಬರು ಅತ್ತೆ. ಅವರು ಸಿಕ್ಕಿಬಿದ್ದದ್ದನ್ನು ಯಾರೂ ಕಂಡಿಲ್ಲ. ಈಗ ಅವರೇ ಮಾತಾಡುತ್ತಿದ್ದಾರೆ! ಕೈ ಕೂಡ ಒಮ್ಮೊಮ್ಮೆ ಎದ್ದು ಗಾಳಿಯಲ್ಲಿ ಏನೋ ಹೇಳಿ ಇಳಿಯುತ್ತದೆ. ನನ್ನ ಬಗ್ಗೆಯೇ ಇರಬೇಕು, ಇನ್ನಾರ ಬಗ್ಗೆ ಇರುತ್ತದೆ? ನಾನು ಕಂಡಿಕೆಯ ಬುಟ್ಟಿ ಎತ್ತಿಕೊಂಡು ಹತ್ತಿರ ಹೋದರೆ ತುಟಿ ಮುಚ್ಚುತ್ತಿತ್ತು. ದೂರ ಬಂದರೆ ತೆರೆಯುತ್ತಿತ್ತು. ಆ ದಿನ ನಾನು ಕಾರಣವಿಲ್ಲದೆ ಹತ್ತು ಹದಿನೈದು ಸಲ ಬುಟ್ಟಿ ಹೊತ್ತು ತಿರುಗಿದೆ.

ಕರೆಂಟ್ ಹೋಗಬೇಕು. ಅದೊಂದೇ ದಾರಿ. ಒಂದು ಸಲ ಹೋದರೆ ಸಾಕು, ಅತ್ತೆ ಏನು ಹೇಳುತ್ತಿದ್ದಾರೆ ಎಂದು ತಿಳಿಯುತ್ತದೆ. ಆದರೆ ದಿನಕ್ಕೆ ಎರಡು ಮೂರು ಸಲ ಹೋಗುತ್ತಿದ್ದ ಕರೆಂಟು ಅಂದಿನಿಂದ ಹೋಗುವುದನ್ನೇ ನಿಲ್ಲಿಸಿಬಿಟ್ಟಿತು. ಐದನೆಯ ದಿನ ಹೋಗಲಿಲ್ಲ. ಆರನೆಯ ದಿನ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು, ನಾನು ಎದ್ದು ನಿಂತೆ, ಅದು ಮತ್ತೆ ಉರಿಯಿತು. ಊರಿಗೆ ಊರೇ ಖುಷಿಯಿಂದ ನೇಯುತ್ತಿತ್ತು. ಇಚಲಕರಂಜಿಯಲ್ಲಿ ಕರೆಂಟ್ ಹೋಗಲೆಂದು ದೇವರಿಗೆ ತೆಂಗಿನಕಾಯಿಯ ಹರಕೆ ಹೊತ್ತ ಹೆಂಗಸು ನಾನೊಬ್ಬಳೇ ಇರಬೇಕು. ಗಂಡನಿಗೆ ಹೇಳಿದರೆ, ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡ ತಾಯಿ ಎಂದು ಕೈ ಮುಗಿದ.

ದಿನದ ಹಾಗೆ ಸಂಜೆಗೆ ಮಾಳಿಗೆಯ ಮೇಲೆ ಹೋಗಿ ಗಡಹಿಂಗ್ಲಜಕ್ಕೆ ಫೋನು ಮಾಡಿದೆ. ಅವ್ವ ಎಲ್ಲ ಕೇಳಿಸಿಕೊಂಡು, ಬಿದ್ದು ಬಿದ್ದು ನಕ್ಕು, ಕೊನೆಗೆ ನನಗೆ ಬಾಯಿ ಇದೆಯೋ ಇಲ್ಲವೋ ಎಂದು ಕೇಳಿದಳು. ಇತ್ತಲ್ಲ, ಅವಳ ಹತ್ತಿರ ಮಾತಾಡುವಾಗ ಎಷ್ಟು ಬೇಕೋ ಅಷ್ಟು ಇತ್ತು. ಅವಳ ಮಗಳು ಒಬ್ಬಳು, ಅತ್ತೆಯ ಸೊಸೆ ಇನ್ನೊಬ್ಬಳು. ಇಬ್ಬರಲ್ಲಿ ನಾನು ಯಾರು ಎಂದು ಅವತ್ತು ನಿಜವಾಗಿಯೂ ಯೋಚನೆ ಮಾಡಿದೆ. ಯೋಚನೆ ಮಾಡುತ್ತ ಮಾಡುತ್ತ ಅಳು ಬಂತು. ಕೆಳಗೆ ಅತ್ತೆ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

ಅರ್ಜಿಗೆ ಎರಡೇ ದಿನ ಉಳಿದಾಗ ನನ್ನ ತಾಳ್ಮೆ ಮುಗಿಯಿತು. ನಡುಮಧ್ಯಾಹ್ನ. ಎಂಟೂ ಮಗ್ಗ ಓಡುತ್ತಿದ್ದವು. ಅತ್ತೆ ಮೂರನೆಯ ಮಗ್ಗದ ಮುಂದೆ, ನನಗೆ ಬೆನ್ನು ಮಾಡಿ. ಅವರ ತಲೆ ಅಲ್ಲಾಡುತ್ತಿತ್ತು, ಜೋರಾಗಿ ಮಾತು ನಡೆದಿದೆ ಎಂದು ತಿಳಿಯುತ್ತಿತ್ತು. ಮೇನ್ ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯಲ್ಲಿ. ಓಡುವ ಮಗ್ಗಗಳ ಮೇನ್ ಎಳೆಯುವುದು ನಮ್ಮಲ್ಲಿ ಮಾಡಬಾರದ ಕೆಲಸ. ಗ್ರಹಚಾರ ಕೆಟ್ಟರೆ ಲಾಳಿ ನಡುವೆ ಸಿಕ್ಕಿಕೊಳ್ಳುತ್ತದೆ, ಎಳೆಗಳು ಹರಿಯುತ್ತವೆ, ಎಲ್ಲ ಕಟ್ಟಿ ಮತ್ತೆ ಓಡಿಸುವುದರೊಳಗೆ ಅರ್ಧ ದಿನ ಹೋಗುತ್ತದೆ. ಅದೆಲ್ಲ ನನಗೆ ಗೊತ್ತಿತ್ತು. ಬುಟ್ಟಿ ಕೆಳಗಿಟ್ಟೆ, ಗೋಡೆಯ ಹತ್ತಿರ ಹೋದೆ, ಎರಡೂ ಕೈಯಿಂದ ಹಿಡಿಕೆ ಹಿಡಿದು ಕೆಳಕ್ಕೆ ಎಳೆದೆ.

ಖಟ್, ಖಟ್, ಖಟ್. ನಿಂತವು. ಅತ್ತೆಯ ಧ್ವನಿ ಕೇಳಿತು. ಅತ್ತೆಯ ಧ್ವನಿಯಲ್ಲ ಅದು. ಎತ್ತರದ, ಚುರುಕಾದ, ಸ್ವಲ್ಪ ಮೂಗಿನಿಂದ ಬರುವ ಧ್ವನಿ. ನನ್ನದು! ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, ನಿಂತ ಮಗ್ಗದ ಮುಂದೆ ನಾನಾಗಿ ನಿಂತಿದ್ದರು.

“ಅತ್ತೀ, ನಾ ಏನ ಮನಿ ಬಿಟ್ಟ ಹೊಂಟಿಲ್ರಿ. ಮುಂಜಾನೆ ಹೋಗಿ ಸಂಜಿಕ ಬರಾಕಿ. ನೀವ ಏನರ ಅನ್ರಿ, ನಾ ಓದಾಕಿನ.”

ಎರಡು ಕೆಮ್ಮು. ಆಮೇಲೆ ಅವರದೇ ಧ್ವನಿ. ಮೆಲ್ಲಗೆ, ನಾನು ಎಂದೂ ಕೇಳದಷ್ಟು ಮೆಲ್ಲಗೆ.

“ಹೋಗವಾ, ಯಾರ ಬ್ಯಾಡ ಅಂದಾರ. ಖರೆ ನನ್ನ ಮುಂದ ಬಂದು ಒಂದ ಮಾತ ಕೇಳಾಕ ಏನಾಗಿತ್ತು ನಿನಗ. ಅಷ್ಟ ಕೆಟ್ಟಾಕಿ ಕಾಣ್ತೇನೇನ ನಾ.”

ಆಗ ಅವರಿಗೆ ಮೌನ ಕೇಳಿಸಿತು. ತಿರುಗಿದರು. ನನ್ನನ್ನು ನೋಡಿದರು, ಸ್ವಿಚ್ಚಿನ ಮೇಲಿದ್ದ ನನ್ನ ಕೈಗಳನ್ನು ನೋಡಿದರು. ಕಾಕು, ಮಾಮಾ, ನನ್ನ ಗಂಡ ಮೂವರೂ ಒಮ್ಮೆಗೇ ಬಗ್ಗಿ ಎಳೆ ಹುಡುಕತೊಡಗಿದರು. ಆ ದಿನ ನಿಜವಾಗಿಯೂ ಎಳೆಗಳು ಹರಿದಿದ್ದವು, ಯಾರಿಗೂ ಒಂದೂ ಸಿಗಲಿಲ್ಲ.

ನನಗೆ ನಾಚಿಕೆಯಾಯಿತು. ಅಷ್ಟು ದಿನ ನಾನು ಮಾಡಿದ ಅತ್ತೆ ಎಂಥವಳು, ಅತ್ತೆ ಮಾಡಿದ ನಾನು ಎಂಥವಳು! ನನ್ನ ಬಾಯಲ್ಲಿ ಅವರು ಸೊಸೆಯನ್ನು ಹೊಸ್ತಿಲು ದಾಟಿಸದ ಮಾರಿ. ಅವರ ಬಾಯಲ್ಲಿ ನಾನು ಯಾರಿಗೂ ಹೆದರದ ಹೆಂಗಸು. ಅಂಥವಳು ನನ್ನಲ್ಲಿ ಇದ್ದಾಳೆಂದು ನನಗೇ ಗೊತ್ತಿರಲಿಲ್ಲ. ಹತ್ತು ದಿನದಿಂದ ಅವರು ನನ್ನ ಪಾರ್ಟನ್ನು ಇಷ್ಟು ಚಂದ ಮಾಡುತ್ತ, ಪ್ರತಿಸಲವೂ ನನ್ನನ್ನೇ ಗೆಲ್ಲಿಸುತ್ತಿದ್ದರು. ನಾನು ಅವರನ್ನು ನೋಯಿಸಿದ್ದೆ. ಅದೂ ಅವರದೇ ಕೆಮ್ಮು ಕೆಮ್ಮಿ.

ಮೇನ್ ಮೇಲಕ್ಕೆತ್ತಿದರೆ ಮುಗಿಯುತ್ತಿತ್ತು. ಕರೆಂಟ್ ಹೋದಾಗಿನ ಮಾತು ಯಾರದೂ ಅಲ್ಲ, ಇದೂ ಅಲ್ಲ ಎಂದು ಎಲ್ಲರೂ ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದರು. ನಾನು ಎತ್ತಲಿಲ್ಲ. ಎಂಟು ನಿಂತ ಮಗ್ಗಗಳ ನಡುವೆ ನಡೆದು ಹೋಗಿ ಅತ್ತೆಯ ಮುಂದೆ ನಿಂತೆ. ಸದ್ದಿಲ್ಲದ ಆ ಶೆಡ್ಡಿನಲ್ಲಿ ನನ್ನ ಧ್ವನಿ ಇಷ್ಟೇ ಇಷ್ಟು ಬಂತು. ಕೊಲ್ಹಾಪುರಕ್ಕೆ ಓದಲು ಹೋಗಲೇ ಎಂದು ಕೇಳಿದೆ.

ಅತ್ತೆ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಕೇಳಿಸಲಿಲ್ಲ ಎಂದರು. ಇನ್ನೊಮ್ಮೆ ಕೇಳಿದೆ. ಮಗ್ಗದವರ ಕಿವಿ ಮಂದ, ಇನ್ನಷ್ಟು ಜೋರಾಗಿ ಹೇಳು ಎಂದರು. ಅವರ ಕಿವಿ ಮಂದವಲ್ಲ, ಮೇಲೆ ಹಾಲು ಉಕ್ಕಿದರೆ ಕೆಳಗೆ ಗೊತ್ತಾಗುವ ಕಿವಿ. ಮೂರನೆಯ ಸಲ ನಾನು ಕೂಗಿದೆ. ಗಡಹಿಂಗ್ಲಜದ ರೆಫರಿಗೆ ಕೇಳುವಂತೆ ಕೂಗಿದೆ. ಪಕ್ಕದ ಶೆಡ್ಡಿನವರು ಏನಾಯಿತೆಂದು ಬಾಗಿಲಿಗೆ ಬಂದರು.

“ಹಾಂ, ಈಗ ಕೇಳಿಸ್ತು,” ಎಂದರು ಅತ್ತೆ. “ಹೋಗಿ ಬಾ.”

ನನ್ನ ಗಂಡ ಹಿತ್ತಲಿಗೆ ಹೋಗುವುದನ್ನೂ ಮರೆತು ಅಲ್ಲೇ ನಕ್ಕುಬಿಟ್ಟ. ಅವನಿಂದ ಕಾಕುವಿಗೆ, ಕಾಕುವಿನಿಂದ ಮಾಮಾನಿಗೆ ನಗು ಹತ್ತಿತು. ಅತ್ತೆ ನಗಲಿಲ್ಲ, ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. ಆ ದಿನ ಮಾಡಿದ್ದೆಯಲ್ಲ, ಅದನ್ನು ಮತ್ತೊಮ್ಮೆ ಮಾಡಿ ತೋರಿಸು ಎಂದರು. ನಾನು ಒಲ್ಲೆ ಎಂದೆ. ಅವರು ಬಿಡಲಿಲ್ಲ. ಕೊನೆಗೆ ಸೆರಗು ಸಿಕ್ಕಿಸಿ, ಕೆಮ್ಮಿ, ‘ಏನಂತಿ’ ಎಂದೆ. ಅತ್ತೆ ತದೇಕಚಿತ್ತದಿಂದ ನೋಡಿ, ತಾನು ಹಾಗೆ ಕೆಮ್ಮುತ್ತೇನೆಯೇ ಎಂದು ಕಾಕುವನ್ನು ಕೇಳಿದರು. ಕಾಕು ಹೌದು ಎಂದಳು. ಅತ್ತೆ ತಕ್ಷಣ ಕೆಮ್ಮಿದರು, ತಾನು ಕೆಮ್ಮಿದ್ದು ತನಗೇ ಕೇಳಿಸಿ ಬಾಯಿಗೆ ಕೈ ಅಡ್ಡ ಹಿಡಿದರು, ಆ ಕೈಯ ಹಿಂದಿನಿಂದ ಅವರ ನಗು ಶುರುವಾಯಿತು. ಆಮೇಲೆ ಅವರು ನನ್ನೆದುರು ನಿಂತು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮಾಡಿದರು, ನಾನು ಅವರನ್ನು ಮಾಡಿದೆ, ಮಾಮಾ ಬಂಧು ಭಗಿನಿಯರೇ ಎಂದು ಭಾಷಣವನ್ನು ಪೂರ್ತಿ ಹೇಳಿ ಮುಗಿಸಿದರು. ಇಚಲಕರಂಜಿಯ ಹುಲಿ ಕೊನೆಗೂ ಆ ಸಿಕ್ಸರ್ ಹೊಡೆದ. ಊರೆಲ್ಲ ಕರೆಂಟಿತ್ತು, ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಅರ್ಧ ದಿನದ ಕೆಲಸ ಹಾಳಾಯಿತು, ಅದನ್ನು ಯಾರೂ ಎತ್ತಿ ಆಡಲಿಲ್ಲ.

ಅರ್ಜಿ ಹಾಕಿದ ಕೆಲವು ದಿನಗಳ ಮೇಲೆ ಕೊಲ್ಹಾಪುರದಿಂದ ಸಂದರ್ಶನಕ್ಕೆ ಕರೆ ಬಂತು. ಮುಂಜಾನೆ ಅತ್ತೆ ಡಬ್ಬಿ ಕಟ್ಟಿಕೊಟ್ಟರು. ಕಾಕುವಿನ ತಂಗಿಯ ನಾದಿನಿ ನೆನಪಾಗಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಮೇಜಿನ ಆಚೆ ಮೂವರು ಅಧ್ಯಾಪಕರಿದ್ದರು. ಮೊದಲ ಎರಡು ಪ್ರಶ್ನೆಗೆ ಹೇಗೋ ಉತ್ತರ ಹೇಳಿದೆ. ಮೂರನೆಯದಕ್ಕೆ, ಮದುವೆಯಾದ ಹುಡುಗಿಯರು ಮನೆಯ ಕೆಲಸವೆಂದು ನಡುವೆಯೇ ಬಿಟ್ಟು ಹೋಗುತ್ತಾರೆ, ನೀವು ಬಿಡುವುದಿಲ್ಲ ಎಂದು ನಾವು ಹೇಗೆ ನಂಬುವುದು ಎಂದು ಮರಾಠಿಯಲ್ಲಿ ಕೇಳಿದರು. ಸರಿಯಾಗಿ ಆಗಲೇ ಬಾಯಿಲ್ಲದ ಆ ಇಚಲಕರಂಜಿಯ ಸೊಸೆ ಬಂದು ನಿಂತುಬಿಟ್ಟಳು. ಗಡಹಿಂಗ್ಲಜದ ಮಗಳನ್ನು ಕರೆದೆ, ಅವಳು ಬರಲಿಲ್ಲ. ಆಗ ಬಂದವಳು ಅವಳು, ಮೂರನೆಯ ಮಗ್ಗದ ಮುಂದೆ ಅತ್ತೆ ಮಾಡಿ ತೋರಿಸಿದವಳು. ಎದ್ದು ನಿಂತೆ. ಸೊಂಟದ ಮೇಲೆ ಕೈಯಿಟ್ಟೆ. ನಾನೇನು ಮನೆ ಬಿಟ್ಟು ಬರುತ್ತಿಲ್ಲ, ಮುಂಜಾನೆ ಬಂದು ಸಂಜೆಗೆ ಹೋಗುವವಳು, ನೀವು ಏನಾದರೂ ಅನ್ನಿ, ನಾನು ಓದುವವಳೇ ಎಂದು ಅತ್ತೆಯ ಮಾತನ್ನು ಮಾತಿಗೆ ಮಾತು ಮರಾಠಿಗೆ ತಿರುಗಿಸಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಧೈರ್ಯ ಹೆಚ್ಚಾಗಿ ಕೊನೆಯಲ್ಲಿ ಎರಡು ಕೆಮ್ಮು ಕೆಮ್ಮಿ, ಏನಂತೀರಿ ಎಂದೂ ಕೇಳಿಬಿಟ್ಟೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನಡುವೆ ಕೂತಿದ್ದ ಮೇಡಂ ನಗುತ್ತ, ಬನ್ನಿ ಎಂದರು.

ಸಂಜೆ ಮನೆಗೆ ಬಂದಾಗ ಮಗ್ಗ ಓಡುತ್ತಿದ್ದವು. ಅತ್ತೆ ನನ್ನನ್ನು ಕಂಡು ತಾವೇ ಹೋಗಿ ಮೇನ್ ಎಳೆದರು. ಜಾಬರ್ ಮಾಮಾ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಕುಣಿಯುತ್ತ ಹೇಳಿದೆ. ಅತ್ತೆ ಸುಮ್ಮನೆ ಕೇಳಿಸಿಕೊಂಡು, ಸೊಂಟದ ಮೇಲೆ ಯಾವ ಕೈ ಇಟ್ಟಿದ್ದೆ ಎಂದು ಕೇಳಿದರು. ಬಲಗೈ ಎಂದೆ.

“ತಪ್ಪ ಮಾಡಿದಿ,” ಎಂದರು. “ನೀ ಎಡಗೈ ಇಡತಿ. ನನ್ನ ಎದುರಿಗಿ ನಿಂತ ನೋಡಿದ್ದಿ, ಅದಕ್ಕ ತಿರುವಿ ಬಂದೈತಿ. ದಿನಾ ಸಂಜಿಕ ಮಾಳಿಗಿ ಮ್ಯಾಲ ನಿಮ್ಮವ್ವನ ಜೋಡಿ ಫೋನಿನ್ಯಾಗ ಮಾತಾಡ್ತಿ ಅಲ್ಲಾ, ಅಂಗಳದಾಗ ನಿಂತು ನಾ ನೋಡೇನಿ.”

ನಾನು ಎಂದೂ ಹಾಗೆ ಕೈ ಇಡುವವಳಲ್ಲ ಎಂದು ವಾದಕ್ಕೆ ಇಳಿದೆ. ಅತ್ತೆ ವಾದ ಮಾಡಲಿಲ್ಲ, ಮೇನ್ ಹಾಕಲು ಹೋದರು. ಅವರ ಹಿಂದೆಯೇ ನನ್ನದು ನಡೆದಿತ್ತು, ಇಲ್ಲ ಅತ್ತಿ, ನೀವು ತಪ್ಪು ನೋಡಿದ್ದೀರಿ, ನನ್ನ ಕೈ ನನಗೆ ಗೊತ್ತಿಲ್ಲವೇ ಎಂದು. ಅವರು ಹಿಡಿಕೆಯ ಮೇಲೆ ಕೈಯಿಟ್ಟು, ತಿರುಗಿ, ಗದ್ದದಿಂದ ನನ್ನ ಕಡೆ ಸನ್ನೆ ಮಾಡಿ, ಮೇಲಕ್ಕೆ ಎತ್ತಿದರು. ಎಂಟೂ ಮಗ್ಗ ಒಟ್ಟಿಗೆ ಓಡತೊಡಗಿದವು. ನಾನು ಕೆಳಗೆ ನೋಡಿಕೊಂಡೆ. ನನ್ನ ಎಡಗೈ ಸೊಂಟದ ಮೇಲಿತ್ತು.